ಗವಾಕ್ಷಿಯ ಮೇಲಿನ ತಗಡು

"ಹನ್ನೊಂದು," ಎಂದಳು ಮಂಗಳ.

"ಏನೇ ಅದು ಹನ್ನೊಂದು?" ರೊಟ್ಟಿ ತಟ್ಟುತ್ತಿದ್ದ ಅಮ್ಮ ಮಲ್ಲಿಕಾಂಬ ಸೆರಗಿನಿಂದ ಕಣ್ಣೊರೆಸಿಕೊಂಡು ಕೇಳಿದಳು.

"ಒಂದ್ ರೊಟ್ಟಿಗೆ ಹನ್ನೊಂದು ಕೆಮ್ಮು. ನೆನ್ನೆ ಎಂಟಿತ್ತು."

"ಮಗ್ಗಿ ಹೇಳು ಅಂದ್ರೆ ಬಾಯಿ ಬಿಡಲ್ಲ, ನನ್ ಕೆಮ್ಮು ಎಣಿಸ್ತಾಳೆ!" ಅಮ್ಮ ನಕ್ಕಳು. ನಗು ಮುಗಿಯುವ ಮೊದಲೇ ಹನ್ನೆರಡನೆಯದು ಬಂತು.

ಮಂಗಳಳಿಗೆ ನಗು ಬರಲಿಲ್ಲ. ಸೋಮವಾರ ಅಪ್ಪ ಅಮ್ಮನನ್ನು ತರೀಕೆರೆಗೆ ಕರೆದುಕೊಂಡು ಹೋಗಿ ಎದೆಯ ಫೋಟೋ ತೆಗೆಸುವವನಿದ್ದ. ದೊಡ್ಡ ಕಾಯಿಲೆ ಎಂದಾದರೆ ಅಮ್ಮ ಆಸ್ಪತ್ರೆಯಲ್ಲೇ ಉಳಿಯಬೇಕು. ಎಷ್ಟು ತಿಂಗಳೋ, ಯಾರಿಗೂ ಗೊತ್ತಿಲ್ಲ.

ಮೊದಲು ಅಮ್ಮನಿಗೆ ಕೆಮ್ಮು ಇರಲಿಲ್ಲ. ಮೊದಲು ಊರಿಗೆ ಕರೆಂಟೂ ಇರಲಿಲ್ಲ.

ಅಜ್ಜಂಪುರದ ಪಕ್ಕದ ಆ ಊರಿಗೆ ಲೈಟುಕಂಬ ಬಂದದ್ದು ದೀಪಾವಳಿಯ ಹೊತ್ತಿಗೆ. ಅಡುಗೆಮನೆಯಲ್ಲಿ ನಲವತ್ತು ಕ್ಯಾಂಡಲ್ ಬಲ್ಬು ಹತ್ತಿದ ದಿನ ಅಜ್ಜಿ ತೀರ್ಥಮ್ಮ ಅದಕ್ಕೆ ವಿಭೂತಿ ಹಚ್ಚಲು ಹೋಗಿ ಬೈಸಿಕೊಂಡಳು. ಅಪ್ಪ ಬೆನಕಪ್ಪ ಸೊಂಟದ ಮೇಲೆ ಕೈಯಿಟ್ಟು ಮಾಳಿಗೆ ನೋಡಿದ. ಮಣ್ಣಿನ ಮಾಳಿಗೆಯ ನಡುವೆ ಮೊಳದಗಲದ ತೂತು, ಗವಾಕ್ಷಿ. ಅಷ್ಟು ದಿನ ಹಗಲಿನ ಬೆಳಕೆಲ್ಲ ಅಲ್ಲಿಂದಲೇ. ಮಳೆ ಬಂದರೆ ಮಂಗಳ ಏಣಿ ಹತ್ತಿ ತಗಡು ಮುಚ್ಚಬೇಕು, ಮಳೆ ನಿಂತರೆ ಮತ್ತೆ ಹತ್ತಿ ತೆಗೆಯಬೇಕು.

"ಕರೆಂಟೇ ಬಂತಲ್ಲ, ಇನ್ ಈ ತೂತ್ ಯಾಕೆ?" ಎಂದು ಅಪ್ಪ ತಗಡು ಮುಚ್ಚಿ ಸುತ್ತ ಮಣ್ಣು ಮೆತ್ತಿದ. ಏಣಿ ಹತ್ತುವ ಕೆಲಸ ತಪ್ಪಿತೆಂದು ಮಂಗಳ ಕುಣಿದಿದ್ದಳು.

ಈಗ ಯುಗಾದಿಯೂ ಕಳೆದಿತ್ತು.

ಬಲ್ಬು ಪಕ್ಕನೆ ಆರಿತು. ನಡು ಮಧ್ಯಾಹ್ನ, ಅಡುಗೆಮನೆ ಕಗ್ಗತ್ತಲು.

"ಹೋಯ್ತು ನಿಮ್ಮಪ್ಪನ ಸೂರ್ಯ," ಎಂದಳು ಅಜ್ಜಿ ಪಡಸಾಲೆಯಿಂದ.

"ಮಂಗಳಾ, ಮೇಲ್ ಹತ್ತಿ ಆ ತಗಡು ಕಿತ್ತಾಕೇ. ರೊಟ್ಟಿನೂ ಕಾಣ್ತಿಲ್ಲ, ಕೈನೂ ಕಾಣ್ತಿಲ್ಲ," ಅಮ್ಮ ಕೂಗಿದಳು.

ಮಂಗಳ ಕುಡುಗೋಲಿನ ಹಿಡಿಯಿಂದ ಒಣಮಣ್ಣು ಕುಟ್ಟಿ ತಗಡು ಎಳೆದಳು. ಭುಸ್ಸೆಂದು ಹೊಗೆ ಮುಖಕ್ಕೆ ಬಡಿಯಿತು. ಬಾಗಿಲ ಹಿಂದೆ ಅಷ್ಟು ದಿನ ಕಾದು ನಿಂತಿದ್ದಂತೆ! ಅವಳೂ ಕೆಮ್ಮುತ್ತ ಕೆಳಗಿಳಿದು ಓಡಿದಳು.

ಹೊಸ್ತಿಲಲ್ಲೇ ನಿಂತುಬಿಟ್ಟಳು.

ಮಾಳಿಗೆಯಿಂದ ನೆಲದವರೆಗೆ ಬಿಸಿಲಿನ ಕಂಬ ನಿಂತಿತ್ತು. ಅದರೊಳಗೆ ನೀಲಿ ಹೊಗೆ ಸುರುಳಿ ಸುರುಳಿಯಾಗಿ, ಒಂದರ ಹಿಂದೊಂದು, ಅವಸರವಿಲ್ಲದೆ ಮೇಲೇರುತ್ತಿತ್ತು. ದಾರಿ ತೋರಿಸುವವರಿಲ್ಲ, ಕೈ ಹಿಡಿಯುವವರಿಲ್ಲ. ಹಾರಿದ ಜೋಳದ ಹಿಟ್ಟೂ ಮಿಣಮಿಣ ಹೊಳೆಯಿತು. ಹುಟ್ಟಿದಾಗಿನಿಂದ ಇದೇ ಮನೆಯಲ್ಲಿದ್ದೂ ಅವಳು ಇದನ್ನು ಹೀಗೆ ನಿಂತು ನೋಡಿರಲಿಲ್ಲ.

"ಬಾಯಿ ಮುಚ್ಚೇ, ನೊಣ ಹೋಗುತ್ತೆ," ಎಂದಳು ಅಮ್ಮ.

ಮಂಗಳ ಎಣಿಸಲು ಕೂತಳು. ಮೊದಲ ರೊಟ್ಟಿಗೆ ನಾಲ್ಕು. ಎರಡನೆಯದಕ್ಕೆ ಎರಡು. ಐದನೆಯದಕ್ಕೆ ಒಂದೇ. ಅಷ್ಟರಲ್ಲಿ ಕರೆಂಟು ಬಂತು. ಬಿಸಿಲಿನ ಕಂಬದ ಪಕ್ಕದಲ್ಲಿ ಬಲ್ಬು ಬಾಡಿದ ನಿಂಬೆಹಣ್ಣಿನಂತೆ ತೂಗುತ್ತಿತ್ತು.

ಅಪ್ಪ ಹೊಲದಿಂದ ಬಂದ. "ಯಾರೇ ತಗಡು ತೆಗ್ದೋರು?"

"ನಾನು. ಅಪ್ಪಾ, ಸುಮ್ನೆ ಕೇಳು."

"ಏನ್ ಕೇಳೋದು? ಏನೂ ಕೇಳ್ತಿಲ್ಲ."

"ಅದೇ!"

ಅಪ್ಪ ಒಲೆ ನೋಡಿದ, ಅಮ್ಮನನ್ನು ನೋಡಿದ, ಮಾಳಿಗೆ ನೋಡಿದ. ಬಹಳ ಹೊತ್ತು ಮಾಳಿಗೆಯನ್ನೇ ನೋಡಿದ. "ಸೋಮವಾರ ಡಾಕ್ಟರಿಗೂ ತೋರಿಸ್ಕೊಂಡ್ ಬರಾಣ," ಎಂದ ಮೆಲ್ಲಗೆ. "ಇದನ್ನೂ ಹೇಳಾಣ ಅವ್ರಿಗೆ."

ಸಂಜೆ ಮುಂಗಾರಿಗೆ ಮೊದಲಿನ ಮಳೆ ದಪ್ಪ ದಪ್ಪ ಹನಿ ಉದುರಿಸಿತು. ಯಾರೂ ಹೇಳದೆ ಮಂಗಳ ಏಣಿ ಹತ್ತಿದಳು. ತಗಡು ಎತ್ತಿದವಳು ಹಾಗೇ ನಿಂತಳು. ಅಮ್ಮ ಆಗಲೇ ಒಲೆ ಹಚ್ಚಿದ್ದಳು; ಗವಾಕ್ಷಿಯಿಂದ ಹೊಗೆ ಬರುತ್ತಿತ್ತು.

"ಮುಚ್ಚೇ, ನೆನೀತೀಯ!" ಅಪ್ಪ ಕೂಗಿದ.

ಅವಳು ಗವಾಕ್ಷಿಯ ಒಂದು ಬದಿಗೆ ಎರಡು ಇಟ್ಟಿಗೆ ಚೂರು ಜೋಡಿಸಿ, ಅದರ ಮೇಲೆ ತಗಡನ್ನು ಓರೆಯಾಗಿ ಮುಚ್ಚಿದಳು. ನೀರು ಆ ಕಡೆ ಜಾರಿತು. ಈ ಕಡೆ ಸಂದಿಯಿಂದ ಹೊಗೆ ತಲೆ ಬಗ್ಗಿಸಿ ಹೊರಬಂದು ತೆಂಗಿನಮರಗಳತ್ತ ಹೊರಟಿತು.

ಮಂಗಳ ಮಳೆಯಲ್ಲೇ ಕೂತು ಕಿವಿಗೊಟ್ಟಳು. ಕೆಳಗಿನಿಂದ ರೊಟ್ಟಿ ತಟ್ಟುವ ಸದ್ದೊಂದೇ ಬರುತ್ತಿತ್ತು.