ಹಗೇವಿನ ಜೋಳ

"ಆ ಹಗೇವಿನ ಜ್ವಾಳಾ ಬಾಯಾಗ ಹಾಕ್ಕೋಬ್ಯಾಡ್ರಿ ಅಕ್ಕಾರ. ಅದರಾಗ ಮಾಟಾ ಐತಿ. ನೀವು ಕೂಸಿಗೆ ಮೊಲಿ ಕೊಡೋರು ಅದೀರಿ."

ಗುಂಡವ್ವ ಇದನ್ನು ಹೇಳಿದ್ದು ರಿಸಾರ್ಟಿನ ಅಡುಗೆಮನೆಯ ಬಾಗಿಲಲ್ಲಿ ನಿಂತು, ಒಳಗೆ ಕಾಲಿಡದೆ. ಎಪ್ಪತ್ತು ದಾಟಿದ ಆ ಮುದುಕಿ ಅಲ್ಲಿ ರೊಟ್ಟಿ ಬಡಿಯುವ ಕೆಲಸಕ್ಕಿದ್ದಳು. ಮ್ಯಾನೇಜರ್ ಆಗಿ ಬಂದು ಇನ್ನೂ ತಿಂಗಳು ತುಂಬದ ಸಂಘಮಿತ್ರಾಳಿಗೆ ನಗು ತಡೆಯಲಾಗಲಿಲ್ಲ. ಅವಳು ಕಲಬುರಗಿಯ ಮಾಸ್ತರರೊಬ್ಬರ ಮಗಳು. ಕಣ್ಣಿಗೆ ಕಾಣದ್ದನ್ನು ನಂಬಬೇಡ ಎಂದು ಅಪ್ಪ ಹೇಳಿ ಹೇಳಿ ಬೆಳೆಸಿದ್ದ. ಒಳಗೆ ನಿಂಬೆಹಣ್ಣು ಸಿಕ್ಕರೆ ಬಂದವರಿಗೆ ಪಾನಕ ಮಾಡೋಣ ಎಂದು ಚೇಷ್ಟೆ ಮಾಡಿದಳು. ಗುಂಡವ್ವ ನಗಲಿಲ್ಲ. ಇನ್ನು ಮೂರು ದಿನ ತಾನು ಬರುವುದಿಲ್ಲವೆಂದು ಹೇಳಿ, ಸೆರಗನ್ನು ಮೂಗಿಗೆ ಒತ್ತಿಕೊಂಡು ಹೊರಟುಹೋದಳು.

ನಿಡಗುಂದಿಯಿಂದ ಅರ್ಧ ಗಂಟೆಯ ದಾರಿ, ಹಿನ್ನೀರಿನ ದಂಡೆಯ ಎತ್ತರದ ದಿನ್ನೆಯ ಮೇಲೆ ಆ ರಿಸಾರ್ಟು. ಕಟ್ಟಿಸಿದವನು ಸಿಂದಗಿ ಪೇಟೆಯ ತೊಗರಿ ವ್ಯಾಪಾರಿ ಬಾಬುಲಾಲ. ಹಿಂದೆ ಅಲ್ಲೊಂದು ಊರಿತ್ತು. ಕೆಳಗಿನ ಓಣಿಗಳು ನೀರಿಗೆ ಹೋದಾಗ ಮೇಲಿನವರೂ ಎದ್ದು ಹೋದರು. ಈಗ ಅಲ್ಲಿಗೆ ಕಂಪನಿಯ ಮಂದಿ ಬರುತ್ತಾರೆ. ಅವರಿಗೆ ಹಳ್ಳಿ ಬೇಕು, ಆದರೆ ಹಳ್ಳಿಯ ನೊಣ ಬೇಡ, ಸೆಗಣಿ ಬೇಡ, ಬಿಸಿಲೂ ಬೇಡ. ಮುಂಜಾನೆ ಎಸಿ ಹಾಲ್‌ನಲ್ಲಿ ಕೂತು ಮುಂದಿನ ವರ್ಷದ ಗುರಿಗಳ ಬಗ್ಗೆ ಚರ್ಚಿಸಿ, ಮಧ್ಯಾಹ್ನ ತಲೆಗೆ ರುಮಾಲು ಸುತ್ತಿಕೊಂಡು ಎತ್ತಿನ ಗಾಡಿಯ ಮೇಲೆ ಫೋಟೋ ಹೊಡೆಸಿಕೊಂಡರೆ ಅವರ ಹಳ್ಳಿ ಮುಗಿಯಿತು.

ಈ ಸಲ ಬಂದಿದ್ದವರು ಪುಣೆಯ ಕಂಪನಿಯೊಂದರ ಮೂವತ್ತೆರಡು ಜನ. ಅವರಿಗೆ ಜಾಗ ಹಿಡಿಸಿದರೆ ವರ್ಷವಿಡೀ ಅವರ ತಂಡಗಳು ಬರುತ್ತವೆ, ಸಂಘಮಿತ್ರಾಳ ನೌಕರಿಯೂ ಕಾಯಂ ಆಗುತ್ತದೆ ಎಂದು ಬಾಬುಲಾಲ ಹೇಳಿದ್ದ. ಏಳು ತಿಂಗಳ ಕೂಸನ್ನು ಸೊಂಟದ ಮೇಲಿಟ್ಟುಕೊಂಡು ಮಾಡಬಹುದಾದ ನೌಕರಿ ಬೇರೆಲ್ಲೂ ಸಿಕ್ಕಿರಲಿಲ್ಲ. ಕೂಸಿನ ಹೆಸರು ಸಾಕ್ಷಿ. ಅದನ್ನು ಬಿಟ್ಟಿರಬೇಕಾದ ಕೆಲಸವಾದರೆ ಬೇಡವೇ ಬೇಡ ಎಂದು ಅವಳು ಹೈದರಾಬಾದಿನ ದೊಡ್ಡ ಹೋಟೆಲನ್ನೇ ಬಿಟ್ಟು ಬಂದಿದ್ದಳು.

ಹಗೇವು ಸಿಕ್ಕಿದ್ದು ಊಟದ ಚಪ್ಪರಕ್ಕೆ ಕಂಬ ಹುಗಿಯುವಾಗ. ಹಗೇವು ಎಂದರೆ ನೆಲದೊಳಗಿನ ಕಣಜ; ಬಾಯಿ ಸಣ್ಣದು, ಹೊಟ್ಟೆ ದೊಡ್ಡದು. ತುಂಬಿ, ಹಾಸುಗಲ್ಲು ಮುಚ್ಚಿ, ಮೇಲೆ ಮಣ್ಣು ಬಡಿದರೆ ಜೋಳ ವರ್ಷಗಟ್ಟಲೆ ಕೆಡುವುದಿಲ್ಲ. ಆದರೆ ಇದು ಊರು ಎದ್ದುಹೋಗುವ ಮೊದಲಿನದು, ಇಪ್ಪತ್ತೈದು ವರ್ಷಗಳ ಹಿಂದಿನದು, ಬರೀ ಬೂದಿ ಇರಬೇಕಿತ್ತು. ಹಗೇವು ಇಳಿಯುವುದರಲ್ಲಿ ಪಳಗಿದ ಖಾಜಾಸಾಬ ಒಂದು ದಿನ ಬಾಯಿ ತೆರೆದಿಟ್ಟು, ಕಂದೀಲು ಇಳಿಬಿಟ್ಟು, ಅದು ಆರಲಿಲ್ಲ, ಒಳಗೆ ಉಸಿರಾಡುವ ಗಾಳಿ ಇದೆ ಎಂದು ಖಾತ್ರಿ ಮಾಡಿಕೊಂಡು ಇಳಿದ. ಮೊದಲ ಬುಟ್ಟಿ ಮೇಲೆ ಬಂದಾಗ ಕಾಳು ಗುಂಡಗೆ ಹೊಳೆಯುತ್ತಿದ್ದವು.

ನಾತವೋ, ಕೇಳಬೇಡಿ. ಹುಳಿ ಬಿದ್ದ ಗಂಜಿ, ಒದ್ದೆ ಕಂಬಳಿ, ಅದರಡಿಯಲ್ಲಿ ಕೊಳೆತ ಸಿಹಿಯ ಒಂದು ಎಳೆ. ಬೇರೆ ಸೀಮೆಯವರಾಗಿದ್ದರೆ ಅಲ್ಲಿಯೇ ಮೂಗು ಮುಚ್ಚಿ ಓಡುತ್ತಿದ್ದರು. ಇವರು ಓಡಲಿಲ್ಲ. ಹಗೇವಿನ ಜೋಳ ನಾರುವುದೇ, ನಾರದಿದ್ದರೆ ಅದು ಹಗೇವಿನದೇ ಅಲ್ಲ ಎಂದು ಇಡೀ ಸೀಮೆಗೆ ಗೊತ್ತು. ಆ ನಾತಕ್ಕಾಗಿಯೇ ಹಗೇವಿನ ರೊಟ್ಟಿಯನ್ನು ಬಯಸಿ ತಿನ್ನುವವರಿದ್ದಾರೆ. ಖಾಜಾಸಾಬ ಮುಷ್ಟಿ ತುಂಬ ಹಿಡಿದು ಮೂಸಿ, ಅಸಲಿ ಮಾಲು ಎಂದು ತಲೆದೂಗಿದ. ಸಂಘಮಿತ್ರಾಳೂ ಮೂಸಿ ತಲೆದೂಗಿದಳು.

ಎರಡು ದಿನದಲ್ಲಿ ಹನ್ನೊಂದು ಚೀಲ ಮೇಲೆ ಬಂತು. ಒಂದು ಚೀಲ ಗಿರಣಿಗೆ ಹೋಯಿತು. ಉಳಿದದ್ದನ್ನು ಅತಿಥಿಗಳಿಗೆ ಉಡುಗೊರೆಯಾಗಿ ಕೊಡಲು ಪುಟ್ಟ ಪುಟ್ಟ ಕೋರಾ ಬಟ್ಟೆಯ ಚೀಲಗಳಿಗೆ ತುಂಬಿಸುವುದೆಂದಾಯಿತು. ಮೂರನೆಯ ದಿನ ಮುಂಜಾನೆ ಬೇರೆ ಇಬ್ಬರು ಹೆಂಗಸರು ರೊಟ್ಟಿಗೆ ಕೂತರು. ಅತಿಥಿಗಳ ಅಡುಗೆಯನ್ನು ಅವರಿಗಿಂತ ಮೊದಲು ಯಾರೂ ಬಾಯಿಗೆ ಹಾಕಬಾರದು, ರುಚಿ ನೋಡುವುದು ತಾನೊಬ್ಬಳೇ ಎಂಬುದು ಸಂಘಮಿತ್ರಾಳ ಕಟ್ಟುನಿಟ್ಟು. ಹೋಟೆಲಿನಲ್ಲಿ ಕಲಿತ ಶಿಸ್ತು ಅದು.

ಬಿಸಿ ರೊಟ್ಟಿಯ ತುಣುಕೊಂದನ್ನು ಮುರಿದು ಬಾಯಿಗಿಟ್ಟಳು. ನಾತವೆಲ್ಲ ಎಲ್ಲಿ ಹೋಯಿತೋ. ಎಂಥ ಸಿಹಿ! ಪಲ್ಯ ಬೇಡ, ಚಟ್ನಿ ಬೇಡ. ನಿಂತಲ್ಲೇ ಒಂದು ರೊಟ್ಟಿ ಮುಗಿಸಿದಳು, ಮತ್ತೊಂದು ಮುಗಿಸಿದಳು, ಹೆಂಗಸರು ಮುಖ ಮುಖ ನೋಡಿಕೊಳ್ಳುತ್ತಿದ್ದಂತೆ ಮೂರನೆಯದಕ್ಕೂ ಕೈ ಹಾಕಿದಳು. ಆಮೇಲೆ ಕೋಣೆಗೆ ಹೋಗಿ ಕೂಸಿಗೆ ಹಾಲು ಕೊಟ್ಟಳು. ಸಾಕ್ಷಿ ಎಂದೂ ಹಾಗೆ ಕುಡಿದಿರಲಿಲ್ಲ. ಎರಡೂ ಮುಷ್ಟಿಯಿಂದ ಎದೆಯನ್ನು ಹಿಡಿದುಕೊಂಡು ಗುಟುಕು ಗುಟುಕಾಗಿ ಎಳೆಯಿತು, ಬಿಡಿಸಿದರೆ ಕಿರುಚಿತು.

ಹತ್ತೂವರೆಗೆ ಚಹಾ ಬಂತು. ಒಂದು ಗುಟುಕಿಗೆ ಉಗುಳಿದಳು. ಬಾಯಲ್ಲಿ ಕೀವು. ಹಾಲು ಒಡೆದಿದೆಯೆಂದು ಚಹಾ ಕೊಟ್ಟವನನ್ನು ಬೈದಳು. ಅವನು ಅದೇ ಕೆಟಲಿನಿಂದ ತಾನೂ ಕುಡಿದು, ಚಲೋನೇ ಇದೆಯಲ್ಲ ಎಂದು ಮಿಕಿಮಿಕಿ ನೋಡಿದ. ಅಷ್ಟರಲ್ಲಿ ಖಾಜಾಸಾಬ ಕರೆಯುತ್ತಿದ್ದಾನೆಂದು ಸುದ್ದಿ ಬಂತು.

ಅತಿಥಿಗಳು ಆಗ ದೋಣಿ ಏರಿ ಹಿನ್ನೀರಿನಲ್ಲಿದ್ದರು. ಅವರಿಗೆ ತೋರಿಸುವ ಮೊದಲು ಹಗೇವಿನ ತಳದಲ್ಲಿ ಕವಿದಿದ್ದ ಹೊಟ್ಟು-ಹುಲ್ಲನ್ನು ಗುಡಿಸಲೆಂದು ಖಾಜಾಸಾಬ ಇಳಿದಿದ್ದ. ಈಗ ಹಗೇವಿನ ಬಾಯಿಯ ಪಕ್ಕದಲ್ಲಿ ಮೊಣಕಾಲು ಅಪ್ಪಿಕೊಂಡು ಕೂತಿದ್ದ.

"ತಳದಾಗ ಮನಷ್ಯಾ ಅದಾನ್ರಿ" ಎಂದ.

ಸಂಘಮಿತ್ರಾ ಹೊಟ್ಟೆಯ ಮೇಲೆ ಮಲಗಿ ಟಾರ್ಚ್ ಬಿಟ್ಟಳು. ಹಾಡಹಗಲಿನಲ್ಲೂ ಒಳಗೆ ಕಗ್ಗತ್ತಲು. ಬೆಳಕಿನ ಚೂರು ಗೋಡೆಯಿಂದ ಇಳಿಯುತ್ತ ತಳ ಮುಟ್ಟಿತು. ಮಡಚಿದ ಕಾಲು ಕಂಡವು. ಬೆನ್ನಿಗೆ ಅಂಟಿದ ಅಂಗಿ ಕಂಡಿತು. ಮೈ ಕರಗಿ ಜೋಳಕ್ಕೆ ಇಳಿದು, ಜೋಳ ಮೈಗೆ ಹತ್ತಿ, ಎರಡೂ ಸೇರಿ ಕಪ್ಪು ಹೆಪ್ಪಾಗಿತ್ತು. ಮುಖ ಮೇಲಕ್ಕೆ ತಿರುಗಿತ್ತು. ತೆರೆದ ಬಾಯಿಯ ತುಂಬ ಜೋಳವಿತ್ತು. ಹನ್ನೊಂದು ಚೀಲವೂ ಆ ಮೈಯ ಮೇಲೆ ಇಪ್ಪತ್ತೈದು ವರ್ಷ ಕೂತಿದ್ದ ಕಾಳು ಎಂದು ತಿಳಿಯುತ್ತಲೇ ಅವಳು ಬೇಲಿಯ ಹತ್ತಿರ ಓಡಿ ಗಂಟಲಿಗೆ ಬೆರಳು ಹಾಕಿದಳು. ಮೂರು ರೊಟ್ಟಿ ತಿಂದ ಹೊಟ್ಟೆಯಿಂದ ಒಂದು ಚೂರೂ ಹೊರಬರಲಿಲ್ಲ.

ಬಾಬುಲಾಲ ಫೋನಿನಲ್ಲಿ ಹೇಳಿದ್ದು ಎರಡೇ ಮಾತು: ಜೋಳವನ್ನೆಲ್ಲ ನೀರಿಗೆ ಸುರಿಸು, ಅತಿಥಿಗಳು ಬಸ್ ಹತ್ತಿದ ಮೇಲೆ ಪೊಲೀಸರಿಗೆ ಹೇಳು. ಎರಡನೆಯದು ಅವಳಿಗೆ ಹೇಸಿಗೆಯೆನಿಸಿದರೂ ಒಪ್ಪಿಕೊಂಡಳು. ಮೊದಲನೆಯದನ್ನು ಅವನು ಹೇಳದಿದ್ದರೂ ಮಾಡಿಸುತ್ತಿದ್ದಳು. ಚೀಲ, ಉಡುಗೊರೆಯ ಗಂಟು, ಹಿಟ್ಟು, ಬುಟ್ಟಿ ತುಂಬ ಬೇಯಿಸಿಟ್ಟಿದ್ದ ರೊಟ್ಟಿ ಎಲ್ಲವೂ ಹಿನ್ನೀರಿಗೆ ಹೋದವು. ಒಂದು ಕಾಳೂ ಉಳಿಯಬಾರದೆಂದು ದಂಡೆಯ ಮೇಲೆ ನಿಂತು ತಾನೇ ಕಾವಲು ಕಾದಳು. ಹಗೇವಿನ ಬಾಯಿಗೆ ತಗಡು ಮುಚ್ಚಿಸಿದಳು. ಮೂವತ್ತೆರಡು ಜನ ನಿಡಗುಂದಿಯಿಂದ ತರಿಸಿದ ಅನ್ನ-ಸಾರು, ಚಪಾತಿ ಉಂಡರು, ಹಳ್ಳಿಯ ರುಚಿಯೇ ಬೇರೆ ಎಂದು ಹೊಗಳಿದರು, ಮೂರು ಗಂಟೆಗೆ ಬಸ್ ಹತ್ತಿ ಕೈ ಬೀಸಿದರು. ಅವಳು ಕೂಡಲೇ ಠಾಣೆಗೆ ಫೋನ್ ಮಾಡಿದಳು. ಒಂದು ತಾಸಿನಲ್ಲಿ ಬರುತ್ತೇವೆ, ಏನನ್ನೂ ಮುಟ್ಟಬೇಡಿ ಎಂದರು.

ಆಗಲೇ ಅವಳಿಗೆ ಹಸಿವು ಹೊತ್ತಿಕೊಂಡಿತು. ಅನ್ನ ಬಾಯಿಗಿಟ್ಟಳು, ಹುಳ ಜಗಿದಂತಾಯಿತು. ಮೊಸರಿನಲ್ಲಿ ಹೆಣದ ನಾತ. ನೀರಿನಲ್ಲೂ ಚರಂಡಿ. ಕೂಸಿಗೆ ಬಾಳೆಹಣ್ಣು ಕಿವುಚಿ ತಿನಿಸಿದರೆ ಅದು ಮೈ ನೀಲಿಯಾಗುವಂತೆ ಓಕರಿಸಿತು. ಬಾಟಲಿಯ ಹಾಲು ತುಟಿಗೆ ತಾಗಿದ್ದೇ ತಡ, ಚೀರಿ ಹೊರಳಾಡಿತು. ಮುಂಜಾನೆಯವರೆಗೂ ಬಾಳೆಹಣ್ಣನ್ನು ಚಪ್ಪರಿಸುತ್ತಿದ್ದ ಕೂಸು ಅದು. ಅವಳು ಎದೆಗೆ ಹಚ್ಚಿಕೊಂಡಳು. ಸುಮ್ಮನಾಗಿ ಎಳೆಯಿತು. ಎಳೆಯಿತು, ಬಾಯಿ ಬಿಟ್ಟು ಅತ್ತಿತು. ಎದೆ ಬತ್ತಿತ್ತು.

ಗುಂಡವ್ವ ಬಂದದ್ದು ಆಗ. ನೀರಿನ ಮೇಲೆ ರೊಟ್ಟಿ ತೇಲುವುದನ್ನು ಕಂಡು ಓಡಿ ಬಂದಿದ್ದಳು, ಉಬ್ಬಸ ಹತ್ತಿತ್ತು.

"ತಿಂದೀರೇನು?"

"ತಿಂದೇನಿ."

"ಕೂಸಿಗೆ ಕುಡಿಸೀರೇನು?"

ಸಂಘಮಿತ್ರಾ ಅಳುವ ಕೂಸನ್ನು ಎದೆಗೆ ಒತ್ತಿಕೊಂಡಳು. ಮುದುಕಿ ಗೋಡೆಗೆ ಒರಗಿ ಹಾಗೆಯೇ ಕುಸಿದಳು. ಕುಸಿದಲ್ಲಿಯೇ, ಯಾರ ಮುಖವನ್ನೂ ನೋಡದೆ, ಎಲ್ಲ ಹೇಳಿದಳು. ಒಳಗಿದ್ದವನು ಅವಳ ಮಗ ಶಂಕ್ರೆಪ್ಪ. ಊರ ಸಾಹುಕಾರನ ಹಗೇವಿಗೆ ಜೋಳ ತುಂಬುವ ದಿನ, ಒಳಗೆ ಹುಲ್ಲು ಹಾಸಲು ಇಳಿದವನು ಉಸಿರುಗಟ್ಟಿ ಬಿದ್ದ. ಮೇಲೆತ್ತಿದರೆ ಕೇಸಾಗುತ್ತದೆಂದು ಸಾಹುಕಾರ ಅವನ ಮೇಲೆಯೇ ಜೋಳ ಸುರಿಸಿದ, ಕೆಲಸ ಹುಡುಕಿಕೊಂಡು ಗೋವಾಕ್ಕೆ ಹೋದನೆಂದು ಊರಿಗೆ ಹೇಳಿಸಿದ. ಮಗನ ಚಪ್ಪಲಿ ಹಗೇವಿನ ಬಾಯಿಯ ಹತ್ತಿರವೇ ಇದ್ದವು. ಅವನ್ನು ಹಿಡಿದುಕೊಂಡು ಗುಂಡವ್ವ ಎಲ್ಲರ ಕಾಲಿಗೂ ಬಿದ್ದಳು, ಯಾರೂ ಕಲ್ಲು ಸರಿಸಲಿಲ್ಲ. ಆಮೇಲೆ ಹೊಳೆಯಾಚೆಯ ಮಾಟಗಾರನ ಹತ್ತಿರ ಹೋದಳು. ತನ್ನ ಮಗನ ಮೇಲಿನ ಜೋಳ ಉಂಡವರಿಗೆ ಜಗತ್ತಿನ ಬೇರೆಲ್ಲ ಅನ್ನವೂ ಹೊಲಸಾಗಲಿ, ಆ ಜೋಳ ತೀರಿದ ದಿನ ಅವರೂ ತೀರಲಿ ಎಂದು ಕೇಳಿಕೊಂಡಳು. ಊರು ಬಿಡುವಾಗ ಸಾಹುಕಾರ ಮೇಲಿನ ಎರಡು ಚೀಲ ಮಾತ್ರ ತೆಗೆಸಿ ಒಯ್ದ. ಆ ಚೀಲಗಳು ಮುಗಿಯುವ ಹೊತ್ತಿಗೆ ಹೊಳೆ ಉಕ್ಕಿ ದಿನ್ನೆಯ ದಾರಿ ಮುಚ್ಚಿತ್ತು, ಉಳಿದ ಜೋಳ ತರಲಾಗಲಿಲ್ಲ. ಅವನ ಮನೆಯ ಐದೂ ಜನ ತುಂಬಿದ ತಾಟಿನ ಮುಂದೆ ಹಸಿದು ಸತ್ತರು.

"ಬಿಡಸು ಆಯಿ, ನನ್ನ ಕೂಸನ್ನರೆ ಬಿಡಸು" ಎಂದು ಸಂಘಮಿತ್ರಾ ಅವಳ ಕಾಲು ಹಿಡಿದಳು.

"ಬಿಚ್ಚೂ ಮಂತ್ರಾನೂ ಕಲತು ಹೋಗು ಅಂದಿದ್ದ ಅಂವ. ನನಗ ಬ್ಯಾಡಂತ ಹೇಳಿ ಬಂದ್ನಿ ಯವ್ವಾ. ಈಗ ಅಂವನೂ ಇಲ್ಲ."

ಸಂಘಮಿತ್ರಾ ಕೂಸನ್ನು ಮುದುಕಿಯ ಮಡಿಲಿಗೆ ಹಾಕಿ ದಂಡೆಗೆ ಓಡಿದಳು. ಕೆಸರಿನಲ್ಲಿ ಕೈಯಾಡಿಸಿದಳು. ಬರೀ ಕೆಸರು. ಕಾಳು ಕರಗಿ ಲೋಳೆಯಾಗಿತ್ತು, ನೆಕ್ಕಿದರೆ ಮಣ್ಣು. ಎಲ್ಲಾದರೂ ಒಂದು ಚೀಲ ಮುಚ್ಚಿಟ್ಟಿದ್ದೀರಾ ಎಂದು ಖಾಜಾಸಾಬನ ತೋಳು ಹಿಡಿದು ಅಲುಗಿಸಿದಳು. ಒಂದು ಕಾಳೂ ಬಿಡಬೇಡಿ ಅಂದಿರಲ್ಲ, ಬಿಟ್ಟಿಲ್ಲ ಎಂದ ಆ ಪ್ರಾಮಾಣಿಕ ಮನುಷ್ಯ.

ಕೂಸಿನ ಅಳು ದಿನ್ನೆಯಿಂದ ಕೇಳುತ್ತಿತ್ತು. ಸಣ್ಣಗಾಗುತ್ತಿತ್ತು. ದೂರದ ಹೆದ್ದಾರಿಯಿಂದ ಜೀಪೊಂದು ಇತ್ತ ತಿರುಗಿತು. ಅವರು ಬಂದರೆ ಹಗೇವಿಗೆ ಬೀಗ. ಮೈಯನ್ನೂ ಒಯ್ಯುತ್ತಾರೆ. ಮೈಗೆ ಅಂಟಿದ್ದನ್ನೂ ಒಯ್ಯುತ್ತಾರೆ. ಅವಳು ತಗಡು ಎಳೆದು ಎಸೆದಳು. ಏಣಿ ಇಳಿದಳು.

ಕತ್ತಲು. ಬಿಸಿ. ಅಂಗಾಲಿಗೆ ಅಂಟಿದ ಜಿಗುಟು. ಮುಂಜಾನೆ ಕರುಳು ಕಿತ್ತುಬರುವಂತೆ ಮಾಡಿದ್ದ ನಾತ ಈಗ ಘಮಘಮಿಸಿತು. ಬಾಯಲ್ಲಿ ನೀರೂರಿತು. ಅದಕ್ಕೆ ಅವಳಿಗೆ ತನ್ನ ಮೇಲೆಯೇ ಅಸಹ್ಯ ಹುಟ್ಟಿತು, ಆದರೂ ನೀರೂರಿತು. ಬೆನ್ನಿನ ಹೆಪ್ಪಿಗೆ ಉಗುರು ಹಾಕಿದಳು. ಕೆರೆದಳು. ಕಿತ್ತಳು. ಕಾಳಿನ ಜೊತೆ ಚರ್ಮ ಬಂತು, ಕೂದಲು ಬಂತು. ಆರಿಸಲು ಹೊತ್ತಿರಲಿಲ್ಲ. ಒಂದಿಷ್ಟು ಬಾಯಿಗೆ, ಒಂದಿಷ್ಟು ದುಪಟ್ಟಾದ ಗಂಟಿಗೆ. ಗಂಟು ಎರಡು ಬೊಗಸೆಯೂ ಆಗಲಿಲ್ಲ. ಮೇಲೆ ಜೀಪು ನಿಂತ ಸದ್ದಾಯಿತು.

ಹಗೇವಿನ ಬಾಯಿಯಲ್ಲಿ ಬೆಳಕಿಗೆ ಅಡ್ಡವಾಗಿ ಗುಂಡವ್ವ ಬಗ್ಗಿದಳು. ಇಪ್ಪತ್ತೈದು ವರ್ಷಗಳ ಮೇಲೆ ಮೊದಲ ಸಲ ಮಗನ ಮುಖ ನೋಡುತ್ತಿದ್ದಳು. ಸಾಕ್ಷಿ ಅವಳ ಹೆಗಲ ಮೇಲೆ ಬಿಕ್ಕುತ್ತಿತ್ತು.

"ಅವನ ಬಾಯಾಗಿಂದೂ ತಗೋ ಯವ್ವಾ" ಎಂದಳು ಮೆಲ್ಲಗೆ. "ಅಂವ ಏನೂ ಅನ್ನಂಗಿಲ್ಲ."

ಸಂಘಮಿತ್ರಾ ಶಂಕ್ರೆಪ್ಪನ ದವಡೆಯನ್ನು ಎರಡೂ ಕೈಯಿಂದ ಹಿಡಿದು ಅಗಲಿಸಿದಳು.