ಅತ್ತೆಯ ಕೋಣೆಯ ರೇಡಿಯೇಟರ್

ಆ ಚಳಿಗಾಲ ಮನೆಗೆ ಶಾಖ ಕೊಡುವ ಗ್ಯಾಸಿನ ಬಿಲ್ ಇಳಿಯದಿದ್ದರೆ ಇಂಗ್ಲೆಂಡಿನ ಲೀಡ್ಸ್‌ನ ಈ ಮನೆ ಮಾರುವುದೇ ಗತಿಯಾಗಿತ್ತು. ಹಾಗಾಗಿ ತೀರಿಹೋದ ಅತ್ತೆ ವಿನಿಫ್ರೆಡ್‌ರ ಕೋಣೆಯನ್ನು ಬೆಚ್ಚಗಿಡುವ ರೇಡಿಯೇಟರಿನ ನಾಬನ್ನು ನಾನೇ ಸೊನ್ನೆಗೆ ತಿರುಗಿಸಿ, ಬಾಗಿಲು ಮುಚ್ಚಿದೆ. ಬೆಳಿಗ್ಗೆ ಅದು ಮೂರರಲ್ಲಿತ್ತು.

"ಖಾಲಿ ಕೋಣೆಗ್ಯಾಕೆ ಶಾಖ, ಕ್ಲೈವ್? ಚಳಿಯಾದ್ರೆ ಸ್ವೆಟರ್ ಹಾಕ್ಕೋ," ಎಂದೆ.

"ನಾನು ಆ ಕಡೆ ಹೋಗೇ ಇಲ್ಲ ಕಣೇ," ಎಂದ ಗಂಡ. "ಮೂರರಲ್ಲಿಡ್ತಿದ್ದಿದ್ದು ಅಮ್ಮ."

ಮುಂದಿನ ಐದು ದಿನವೂ ಹೀಗೇ ಆಯಿತು. ಕೊನೆಗೆ ಪ್ಲಂಬರ್‌ನನ್ನು ಕರೆಸಿ ರೇಡಿಯೇಟರನ್ನೇ ಕಳಚಿಸಿ, ಅದಕ್ಕೆ ಬಿಸಿನೀರು ತರುವ ಪೈಪಿನ ಬಾಯಿ ಮುಚ್ಚಿಸಿದೆವು.

ಮರುದಿನ ಮಧ್ಯಾಹ್ನ ಕುತೂಹಲ ತಡೆಯಲಾರದೆ ಆ ಗೋಡೆ ಮುಟ್ಟಿದೆ. ರೇಡಿಯೇಟರ್ ಇದ್ದಷ್ಟು ಅಗಲಕ್ಕೆ ಬೆಚ್ಚಗಿತ್ತು. ಅತ್ತೆ ಕಾಲುಚೀಲ ಒಣಗಿಸುವಾಗ ಬರುತ್ತಿದ್ದ ಉಣ್ಣೆಯ ವಾಸನೆಯೂ ಇತ್ತು.

ಬಿಲ್ ಅರ್ಧಕ್ಕಿಳಿದು ಮನೆ ಉಳಿಯಿತು. ಕ್ಲೈವ್ ಈಗ ಸ್ವೆಟರ್ ಬಿಚ್ಚಿಟ್ಟು, ಆ ಗೋಡೆಗೆ ಒರಗಿ ಪತ್ರಿಕೆ ಓದುತ್ತಾನೆ.