ನೆಲ್ಲಿ ರಾಣಿಯ ಕಾರ್ಸೆಟ್

“ಟಕ್!”

ನೆಲ್ಲಿ ಬಗ್ಗಿದ್ದೇ ತಡ, ಅವಳ ಸೊಂಟದ ಹತ್ತಿರ ಏನೋ ಮುರಿಯಿತು.

“ಅಯ್ಯೋ, ಚುಚ್ತದೆ ಮಾರಾಯ್ತಿ!”

ಬೆನಿಟಾ ಓಡಿಬಂದು ಬೆನ್ನಿನ ದಾರ ಬಿಚ್ಚಿದಳು. ಅವಳೇ ಹೊಲಿದ ಕಾರ್ಸೆಟ್‌ನಿಂದ ಗಟ್ಟಿ ನಿಲ್ಲಲೆಂದು ತುರುಕಿದ್ದ, ಗುಡಿಸುವ ಹಿಡಿಸೂಡಿಯ ಕಡ್ಡಿಯೊಂದು ಹೊರಗೆ ಇಣುಕುತ್ತಿತ್ತು.

ಶನಿವಾರ ಶಾಲೆಯ ನಾಟಕ. ನೆಲ್ಲಿಯೇ ವಿಲಾಯತಿ ರಾಣಿ. ಅವಳ ಹಾಗೆ ಹಾಡುವವರು ಕ್ಲಾಸಿನಲ್ಲಿ ಬೇರೆ ಯಾರೂ ಇರಲಿಲ್ಲ. ಆದರೆ ರಾಣಿಯ ಹಳೆಯ ಗೌನು ಸಪೂರ ಸೊಂಟದ್ದು. ನೆಲ್ಲಿ ಸ್ವಲ್ಪ ದಪ್ಪ.

“ರಾಣಿ ಅಲ್ಲ, ಡ್ರಮ್!” ಎಂದು ಹುಡುಗಿಯರು ನಕ್ಕಿದ್ದರು.

“ರಾಣಿಯರು ಸೊಂಟ ಸಪೂರ ಕಾಣಲಿಕ್ಕೆ ಒಳಗೆ ಬಿಗಿಯಾದ ಕಾರ್ಸೆಟ್ ಹಾಕ್ತಾರೆ. ನಾನು ಹೊಲಿದು ಕೊಡ್ತೇನೆ” ಎಂದು ಬೆನಿಟಾ ಗೆಳತಿಗೆ ಮಾತು ಕೊಟ್ಟಿದ್ದಳು. ಈಗ ನೋಡಿದರೆ ಹೀಗೆ!

ಬೆನಿಟಾಗೆ ಹೊಲಿಗೆ ಕಲಿಸಿದವರು ಅವಳ ತಾಯಿಯ ತಂಗಿ, ತೆರೆಸಾ ಮಾವ್ಶಿ. ಅವರು ಮೆಷಿನ್ ನಿಲ್ಲಿಸಿ ಕಾರ್ಸೆಟ್ ತಿರುಗಿಸಿ ನೋಡಿದರು.

“ಒಂದೇ ಬಟ್ಟೆ ಸುತ್ತಿದ್ದೀಯಲ್ಲ, ಡಬ್ಬದ ಹಾಗೆ ಆಗಿದೆ. ತುಂಡು ತುಂಡಾಗಿ ಕತ್ತರಿಸಿ ಜೋಡಿಸು. ಸೊಂಟದಲ್ಲಿ ಸಪೂರ, ಮೇಲೆ ಕೆಳಗೆ ಅಗಲ.”

“ಕಡ್ಡಿಗೆ ಎಂತ ಮಾಡುವುದು ಮಾವ್ಶಿ?”

“ಬಗ್ಗಬೇಕು, ಮುರಿಯಬಾರದು. ಅಂಥದ್ದು ಎಂತ ಉಂಟು, ನೀನೇ ಹುಡುಕು.”

ಬೆನಿಟಾ ಬಿದಿರು ಸೀಳಿ ನೋಡಿದಳು. ಅದು ಬಗ್ಗಲಿಲ್ಲ. ಕೊನೆಗೆ ಅಟ್ಟದಲ್ಲಿ ಒಂದು ಹರಕು ಕೊಡೆ ಸಿಕ್ಕಿತು. ಅಜ್ಜ ವಾಮಂಜೂರಿನ ಗದ್ದೆಗೆ ಹಿಡಿದುಕೊಂಡು ಹೋಗುತ್ತಿದ್ದ ಕೊಡೆ. ಅದರ ಉಕ್ಕಿನ ಕಡ್ಡಿಯನ್ನು ಬಗ್ಗಿಸಿದಳು. ಬಿಟ್ಟ ಕೂಡಲೇ ನೆಟ್ಟಗಾಯಿತು!

ಅಪ್ಪ ಇಕ್ಕಳದಿಂದ ಕಡ್ಡಿಗಳನ್ನು ತುಂಡು ಮಾಡಿಕೊಟ್ಟರು. ಬೆನಿಟಾ ದಪ್ಪ ಖಾಕಿ ಡ್ರಿಲ್ ಬಟ್ಟೆಯ ತುಂಡುಗಳನ್ನು ಜೋಡಿಸಿ ಹೊಲಿದಳು. ಕಡ್ಡಿಗಳ ತುದಿಗೆ ಚಿಂದಿ ಸುತ್ತಿ ಒಳಗೆ ತೂರಿಸಿದಳು. ಬೆನ್ನಿಗೆ ಕಾಜ ಮಾಡಿ ಶೂ ಲೇಸ್ ಪೋಣಿಸಿದಳು.

ಶನಿವಾರ ಪರದೆಯ ಹಿಂದೆ ಬೆನಿಟಾ ಲೇಸನ್ನು ಬಲವಾಗಿ ಎಳೆದಳು. ಗೌನಿನ ಹುಕ್ಕುಗಳೆಲ್ಲ ಕೂತವು!

“ಹಾಡು ನೋಡುವ.”

ನೆಲ್ಲಿ ಬಾಯಿ ತೆರೆದಳು. ಅರ್ಧ ಸಾಲಿಗೇ ಉಸಿರು ಮುಗಿಯಿತು. ಮುಖ ಕೆಂಪಾಯಿತು.

“ಸಡಿಲ ಮಾಡ್ತೇನೆ” ಎಂದಳು ಬೆನಿಟಾ.

“ಬೇಡ! ಅವರು ಮತ್ತೆ ನಗ್ತಾರೆ.” ನೆಲ್ಲಿಯ ಕಣ್ಣು ತುಂಬಿತು.

ಬೆಲ್ ಹೊಡೆಯಿತು. ಆದರೂ ಬೆನಿಟಾ ಲೇಸ್ ಸಡಿಲಿಸಿದಳು. ಗೌನಿನ ಹುಕ್ಕುಗಳನ್ನೂ ಬಿಚ್ಚಿದಳು. ತನ್ನ ಶೂಗಳಿಂದ ಲೇಸ್ ಕಿತ್ತು, ಗಂಟು ಹಾಕಿ, ಹುಕ್ಕಿನಿಂದ ಹುಕ್ಕಿಗೆ ಸುತ್ತಿ ಗೌನಿನ ಬೆನ್ನು ಕಟ್ಟಿದಳು. ಅದರ ಮೇಲೆ ರಾಣಿಯ ಕೆಂಪು ಶಾಲು ಇಳಿಬಿಟ್ಟಳು.

“ಈಗ ಹೋಗು!”

ರಾಣಿ ನೆಟ್ಟಗೆ ನಿಂತು ಹಾಡಿದಳು. ದನಿ ಕೊನೆಯ ಬೆಂಚಿನ ತನಕ ಮೊಳಗಿತು. ಬಗ್ಗಿ ವಂದಿಸಿದಾಗ ಯಾವ ಕಡ್ಡಿಯೂ ಮುರಿಯಲಿಲ್ಲ. ಡ್ರಮ್ ಎಂದವರೇ ಎದ್ದು ನಿಂತು, “ಒನ್ಸ್ ಮೋರ್!” ಎಂದು ಕೂಗಿದರು. ನೆಲ್ಲಿ ಮತ್ತೊಮ್ಮೆ ಹಾಡಿದಳು.

ಬೆನಿಟಾ ಪರದೆಯ ಸಂದಿಯಿಂದ ನೋಡುತ್ತಿದ್ದಳು. ಪ್ರತಿ ಸಾಲಿಗೂ ನೆಲ್ಲಿಯ ಎದೆ, ಹೊಟ್ಟೆ ಉಸಿರು ತುಂಬಿ ಅಗಲವಾಗುತ್ತಿದ್ದವು.

ನಾಟಕಕ್ಕೆ ಬಂದು ಪಕ್ಕದಲ್ಲಿ ನಿಂತಿದ್ದ ಮಾವ್ಶಿಯ ಸೆರಗು ಜಗ್ಗಿ ಅವಳು ಮೆಲ್ಲಗೆ ಹೇಳಿದಳು:

“ಮಾವ್ಶಿ, ಮುಂದಿನ ಸಲ ಅವಳು ಹಾಡುವಾಗಲೇ ಅಳತೆ ತೆಗೀತೇನೆ.”